ಚಿನ್ನದ ಸೀಗಡಿ ಸಿಗದೇ ಹೋಗಿದ್ದರೆ?

'ತ್ಯಾಗ' ಅನ್ನುವ ಮಾತನ್ನು ನಾವು ಅನುಮಾನದಿಂದಲೇ ಕೇಳುತ್ತ ಬಂದವರು. ಯಾಕೆಂದರೆ ಈ ಮಾತು ಹೊರಡುವ ಬಾಯಿ ಒಂದು, ಅದಕ್ಕೆ ಬೆಲೆ ತೆರುವ ಮೈ ಇನ್ನೊಂದು. ದೇಶಕ್ಕಾಗಿ ಊರು ಬಿಡಿ, ನೆಲ ಬಿಡಿ, ನೀರು ಬಿಡಿ ಅಂತ ಭಾಷಣ ಮಾಡುವವನ ಮನೆ ಎಂದೂ ಮುಳುಗುವ ಹಳ್ಳಿಯಲ್ಲಿ ಇರುವುದಿಲ್ಲ. ಒಬ್ಬರ ಬದುಕನ್ನು ಇನ್ನೊಬ್ಬರು ತ್ಯಾಗ ಮಾಡಬಹುದೇ? ಮಾಡಿದರೆ ಅದನ್ನು ತ್ಯಾಗ ಅನ್ನಬೇಕೋ ಕಳವು ಅನ್ನಬೇಕೋ? ಈ ಪ್ರಶ್ನೆಯನ್ನು ಬಿಡಿಸಿ ನೋಡುವುದಕ್ಕೆ ನಾವಿಲ್ಲಿ ಒಂದು ಹಳೆಯ ಅಮೆರಿಕನ್ ಸಿನಿಮಾವನ್ನು ಎತ್ತಿಕೊಂಡಿದ್ದೇವೆ. 1953ರಲ್ಲಿ ಬಂದ 'ಥಂಡರ್ ಬೇ'. ನಿರ್ದೇಶಕ ಆಂಥನಿ ಮ್ಯಾನ್, ನಾಯಕ ಜೇಮ್ಸ್ ಸ್ಟೂಅರ್ಟ್. ಕಡಲ ತಳದಲ್ಲಿ ಎಣ್ಣೆ ಹುಡುಕುವವರ ಕಥೆ. ಹಾಲಿವುಡ್ಡಿನ ಸಿನಿಮಾ ಕಟ್ಟಿಕೊಂಡು ನಮಗೇನಾಗಬೇಕು ಅಂತ ಗೆಳೆಯರು ಕೇಳಬಹುದು. ಈ ಸಿನಿಮಾ ಆ ಪ್ರಶ್ನೆಯನ್ನು ನೆಟ್ಟಗೆ ಎತ್ತುತ್ತದೆ, ಎತ್ತಿದ ಮೇಲೆ ಬಲು ಜಾಣತನದಿಂದ ಜಾರಿಕೊಳ್ಳುತ್ತದೆ. ಆ ಜಾರಿಕೊಳ್ಳುವ ದಾರಿ ನಮಗೆ ಗೊತ್ತಿರಬೇಕು, ಅದು ಬರೀ ಸಿನಿಮಾದವರ ದಾರಿಯಲ್ಲ.

ಕಥೆ ನಡೆಯುವುದು 1946ರಲ್ಲಿ, ಮಹಾಯುದ್ಧ ಮುಗಿದ ಮಾರನೇ ವರ್ಷ. ಲೂಸಿಯಾನಾ ರಾಜ್ಯದ ಕಡಲ ದಂಡೆಯಲ್ಲಿ ಪೋರ್ಟ್ ಫೆಲಿಸಿಟಿ ಅನ್ನುವ ಕಲ್ಪನೆಯ ಊರು. ಊರಿನವರ ಹೊಟ್ಟೆಪಾಡು ಸೀಗಡಿ ಹಿಡಿಯುವುದು. ಅಲ್ಲಿಗೆ ಸ್ಟೀವ್ ಮಾರ್ಟಿನ್, ಜಾನಿ ಗ್ಯಾಂಬಿ ಅನ್ನುವ ಇಬ್ಬರು ಖಾಲಿ ಜೇಬಿನಲ್ಲಿ ಬಂದಿಳಿಯುತ್ತಾರೆ. ಜೇಬು ಖಾಲಿ, ತಲೆಯಲ್ಲಿ ಮಾತ್ರ ದೊಡ್ಡ ಕನಸು: ಎಂಥ ಬಿರುಗಾಳಿಗೂ ಅಲುಗದ ಅಟ್ಟಣೆಯನ್ನು ಕಡಲ ನಡುವೆ ನಿಲ್ಲಿಸಿ ಅಲ್ಲಿಂದ ತಳ ಕೊರೆಯಬೇಕು. ಒಬ್ಬ ಕಂಪನಿ ಧಣಿ ದುಡ್ಡು ಹಾಕುತ್ತಾನೆ. ಕೆಲಸ ಶುರುವಾಗುತ್ತದೆ, ಡೈನಮೈಟ್ ಸಿಡಿಯುತ್ತದೆ.

ಈ ಡೈನಮೈಟ್ ಯಾಕೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಭೂವಿಜ್ಞಾನಿಗೆ ಕಡಲ ತಳ ಕಾಣುವುದಿಲ್ಲ. ಅವನು ನೀರೊಳಗೆ ಮದ್ದು ಸಿಡಿಸಿ, ಆ ಸದ್ದು ತಳದ ಕೆಳಗಿನ ಪದರಗಳಿಗೆ ಬಡಿದು ಹಿಂದಕ್ಕೆ ಬರುವ ಹೊತ್ತನ್ನು ಯಂತ್ರದಲ್ಲಿ ಹಿಡಿದು, ಯಾವ ಪದರ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕುತ್ತಾನೆ. ಮೆಕ್ಸಿಕೋ ಕೊಲ್ಲಿಯ ತಳದಲ್ಲಿ ಕೋಟ್ಯಂತರ ವರ್ಷದ ಹಿಂದಿನ ಉಪ್ಪಿನ ಪದರವಿದೆ. ಮೇಲಿನ ಮಣ್ಣಿನ ಭಾರಕ್ಕೆ ಆ ಉಪ್ಪು ಹಿಟ್ಟಿನ ಹಾಗೆ ಹಿಸುಕಿಕೊಂಡು ಕಂಬದಂತೆ ಮೇಲೇಳುತ್ತದೆ, ಅದರ ಮಗ್ಗುಲಲ್ಲಿ ಎಣ್ಣೆ ಸಿಕ್ಕಿಕೊಂಡು ನಿಲ್ಲುತ್ತದೆ. ಹುಡುಕಬೇಕಾದ್ದು ಆ ಉಪ್ಪಿನ ಗುಮ್ಮಟಗಳನ್ನು. ಅದ್ಭುತವಾದ ವಿದ್ಯೆ. ಅದನ್ನು ಹಳಿಯುವ ಉದ್ದೇಶ ನಮಗಿಲ್ಲ.

ಆದರೆ ಮೀನುಗಾರರಿಗೂ ಒಂದು ವಿದ್ಯೆಯಿತ್ತಲ್ಲ! ಯಾವ ತಿಂಗಳು ಸೀಗಡಿ ಯಾವ ಕಡೆ ಬರುತ್ತದೆ, ಯಾವ ನೀರಿನಲ್ಲಿ ಮರಿ ಬೆಳೆಯುತ್ತದೆ, ಗಾಳಿ ತಿರುಗಿದರೆ ಬಲೆ ಎಲ್ಲಿ ಬೀಸಬೇಕು ಅನ್ನುವ ಅರಿವು ತಲೆಮಾರುಗಳಿಂದ ಬಂದದ್ದು. ಡೈನಮೈಟ್ ಸಿಡಿದರೆ ಸೀಗಡಿ ಸಾಯುತ್ತದೆ, ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಅಂತ ಅವರು ಹೇಳಿದರೆ ಸಿನಿಮಾ ಅದನ್ನು ಅಜ್ಞಾನ ಅನ್ನುತ್ತದೆ. ಎಂಜಿನಿಯರು ಹೇಳಿದ್ದು ವಿಜ್ಞಾನ, ಬೆಸ್ತ ಹೇಳಿದ್ದು ಗಾಬರಿ. ಮೀನುಗಾರನ ಮಗಳು ಸ್ಟೆಲ್ಲಾ ಈ ಪರಸ್ಥಳದವರನ್ನು ನಂಬಬೇಡಿ ಅಂದರೆ, ಅವಳು ನಗರಕ್ಕೆ ಹೋಗಿ ಮನಸ್ಸು ಮುರಿದುಕೊಂಡು ಬಂದವಳು, ಅದಕ್ಕೇ ಹಾಗಾಡುತ್ತಾಳೆ ಅನ್ನುವ ವಿವರಣೆ ಸಿದ್ಧವಾಗಿರುತ್ತದೆ. ಫಿಲಿಪ್ ಅನ್ನುವ ಹುಡುಗ ಬಿರುಗಾಳಿಯ ರಾತ್ರಿ ಅಟ್ಟಣೆಯನ್ನು ಹಾಳುಮಾಡಲು ಹೋಗಿ ನೀರಿಗೆ ಬಿದ್ದು ಸಾಯುತ್ತಾನೆ. ಅವನ ಸಿಟ್ಟಿಗೂ ಕಾರಣ ಕೊಟ್ಟಾಗಿದೆ: ಅವನಿಗೆ ಗೊತ್ತಾದ ಹುಡುಗಿ ಗ್ಯಾಂಬಿಯ ಹಿಂದೆ ಹೋದಳು. ನೋಡಿ, ಪ್ರತಿಭಟನೆಗೆ ಒಂದು ಕಡೆ ಹೆಂಗಸಿನ ಕಹಿ, ಇನ್ನೊಂದು ಕಡೆ ಗಂಡಸಿನ ಹೊಟ್ಟೆಕಿಚ್ಚು. ನ್ಯಾಯದ ಮಾತಿಗೆ ಜಾಗವೇ ಇಲ್ಲ. ನಮ್ಮಲ್ಲೂ ಕೇರಿಯ ಹುಡುಗ ಸಂಘ ಕಟ್ಟಿದರೆ 'ಅವನಿಗೆ ಕೆಲಸ ಸಿಗಲಿಲ್ಲ, ಅದಕ್ಕೇ' ಅನ್ನುವವರಿಗೆ ಬರವೇನಿಲ್ಲ.

ಸ್ಟೀವ್ ಮಾತ್ರ ಒಂದು ಗಟ್ಟಿಯಾದ ವಾದ ಹೂಡುತ್ತಾನೆ. ಎಣ್ಣೆ ಇಲ್ಲದೆ ಈ ದೇಶವೇ ನಿಂತುಹೋಗುತ್ತೆ ಅನ್ನುತ್ತಾನೆ. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಆ ಸೀಗಡಿ ದೋಣಿಗಳೂ ಎಂಜಿನ್ನಿನಿಂದಲೇ ಓಡುತ್ತಿದ್ದವು. ನಮ್ಮ ಕೇರಿಗಳಲ್ಲಿ ಮೊದಲ ಸಲ ಅಕ್ಷರ ಕಲಿತ ಎಷ್ಟೋ ಮಂದಿ ಓದಿದ್ದು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ. ಇಂಥ ಪತ್ರಿಕೆಗಳು ಕಟ್ಟು ಕಟ್ಟಾಗಿ ಊರಿಂದೂರಿಗೆ ಹೋಗುವುದೂ ಬಸ್ಸಿನ ಮೇಲೆಯೇ. ಎಣ್ಣೆ ಬೇಕೋ ಬೇಡವೋ ಅನ್ನುವುದು ಬೇರೆ ಚರ್ಚೆ, ಇವತ್ತು ಭೂಮಿ ಬಿಸಿಯಾಗುತ್ತಿರುವಾಗ ಇನ್ನೂ ದೊಡ್ಡ ಚರ್ಚೆ. ಇಲ್ಲಿರುವುದು ಅದಕ್ಕಿಂತ ಸಣ್ಣ, ಅದಕ್ಕಿಂತ ಮೊನಚಾದ ಪ್ರಶ್ನೆ: ಇಡೀ ದೇಶಕ್ಕೆ ಬೇಕಾದದ್ದರ ಬೆಲೆಯನ್ನು ಒಂದೇ ಊರು ಯಾಕೆ ಕೊಡಬೇಕು, ಅದೂ ಆ ಊರನ್ನು ಕೇಳದೆಯೇ?

ಸಿನಿಮಾ ಇದಕ್ಕೆ ಉತ್ತರ ಕೊಡುವ ಬಗೆ ಗಮನಿಸಬೇಕು. ಒಂದು ರಾತ್ರಿ ಅಟ್ಟಣೆಯ ಮೇಲೆ ನೀರೆಳೆಯುವ ಕೊಳವೆ ಕಟ್ಟಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಒಳಗೆಲ್ಲ ಸೀಗಡಿ, ದಪ್ಪನೆಯ ಚಿನ್ನದ ಬಣ್ಣದ ಸೀಗಡಿ! ಊರಿನ ಹಿರಿಯ ಮೀನುಗಾರ ಟೆಶ್ ಬೋಸಿಯೆ ವರ್ಷಗಟ್ಟಲೆ ಹುಡುಕುತ್ತಿದ್ದ ಸೀಗಡಿ ಅದು. ಹಗಲಲ್ಲಿ ಕೆಸರಿನಲ್ಲಿ ಹುದುಗಿದ್ದು ರಾತ್ರಿ ಮೇಲೇಳುತ್ತಿತ್ತು. ಎಣ್ಣೆಯೂ ಚಿಮ್ಮುತ್ತದೆ, ಸೀಗಡಿಯೂ ಸಿಗುತ್ತದೆ. ಸಿಟ್ಟಿನಿಂದ ಅಟ್ಟಣೆಗೆ ನುಗ್ಗಿಬಂದ ಊರಿನವರು ನಗುನಗುತ್ತ ಬಲೆ ತರಲು ಓಡುತ್ತಾರೆ. ಎಲ್ಲರಿಗೂ ಸುಖ, ಶುಭಂ.

ನಾವು ಕೇಳುವುದು ಇಷ್ಟೆ. ಆ ಸೀಗಡಿ ಸಿಗದೇ ಹೋಗಿದ್ದರೆ?

ಆಗ ಸ್ಟೀವ್ ಮಾಡಿದ್ದು ತಪ್ಪಾಗುತ್ತಿತ್ತೇ? ಹಾಗಾದರೆ ಅವನ ಸರಿತನವೆಲ್ಲ ಒಂದು ಕೊಳವೆಯೊಳಗಿನ ಅದೃಷ್ಟದ ಮೇಲೆ ನಿಂತಿದೆ. ಸಿಗದಿದ್ದರೂ ಸರಿಯೇ ಅನ್ನುವುದಾದರೆ, ಸಿನಿಮಾಕ್ಕೆ ಆ ಸೀಗಡಿ ಯಾಕೆ ಬೇಕಾಯಿತು? ಅದು ಇಲ್ಲದೆ ಪ್ರೇಕ್ಷಕರ ಮುಖ ನೋಡುವ ಧೈರ್ಯ ಅದಕ್ಕೆ ಬರಲಿಲ್ಲ. ಈ ಬರಹ ಓದುವ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು: ಲೆಕ್ಕದ ಹೆಜ್ಜೆಗಳೆಲ್ಲ ತಪ್ಪಿ, ಉತ್ತರ ಮಾತ್ರ ಹೇಗೋ ಸರಿ ಬಂದರೆ ಆ ಹುಡುಗನಿಗೆ ಪೂರ್ತಿ ಅಂಕ ಕೊಡುವುದಿಲ್ಲ. ನಡುವಿನ ಹೆಜ್ಜೆ ತೋರಿಸು ಅನ್ನುತ್ತಾರೆ. ನಡುವಿನ ಹೆಜ್ಜೆ ಅಂದರೆ ಊರಿನವರನ್ನು ಕೇಳುವುದು, ಅವರು ಬೇಡ ಅಂದರೆ ನಿಲ್ಲುವುದು. ಆ ಹೆಜ್ಜೆ ಇಲ್ಲಿ ಇಲ್ಲವೇ ಇಲ್ಲ.

ಇನ್ನೂ ಒಂದು ಕುಟಿಲತೆ ಇದೆ. ಆ ಚಿನ್ನದ ಸೀಗಡಿಯನ್ನು ಪತ್ತೆ ಮಾಡಿದವನು ಬೆಸ್ತನಲ್ಲ, ಎಣ್ಣೆಯವನು. ತಲೆಮಾರುಗಳಿಂದ ಅದೇ ನೀರಿನ ಮೇಲೆ ಬದುಕಿದವರಿಗೆ ಅವರ ಮೀನು ಎಲ್ಲಿದೆ ಅನ್ನುವುದನ್ನೂ ಹೊರಗಿನವನೇ ಬಂದು ತೋರಿಸಬೇಕು. ಅಂದರೆ ಅವರಿಗೆ ಇದ್ದ ಒಂದೇ ಆಸ್ತಿ, ಆ ಕಡಲಿನ ಅರಿವು, ಅದೂ ಅವನ ಕೈಯಿಂದ ದಾನವಾಗಿ ಬರುತ್ತದೆ. ನೆಲ ಕಿತ್ತುಕೊಳ್ಳುವುದಕ್ಕಿಂತ ಇದು ಆಳವಾದ ಕಿತ್ತುಕೊಳ್ಳುವಿಕೆ. ನೆಲ ಹೋದವನು ನನ್ನ ನೆಲ ಹೋಯಿತು ಅಂತ ಕೂಗಬಹುದು. ಅರಿವನ್ನು ಕಳೆದುಕೊಂಡವನು ಥ್ಯಾಂಕ್ಸ್ ಹೇಳಬೇಕಾಗುತ್ತದೆ.

ಸಿನಿಮಾದ ಹೊರಗೆ ಏನು ನಡೆಯುತ್ತಿತ್ತು? ದಡ ಕಾಣದಷ್ಟು ದೂರದ ಕಡಲಲ್ಲಿ ಮೊದಲ ಎಣ್ಣೆ ಬಾವಿ ಕೊರೆದದ್ದು 1947ರಲ್ಲಿ, ಅದೇ ಲೂಸಿಯಾನಾದ ಎದುರು, ದಂಡೆಯಿಂದ ಸುಮಾರು 10 ಮೈಲಿ ಆಚೆ, ಕೆರ್-ಮೆಗೀ ಕಂಪನಿ. ಅಲ್ಲಿ ನೀರಿನ ಆಳ ಒಂದು ತೆಂಗಿನ ಮರದಷ್ಟೂ ಇರಲಿಲ್ಲ, 20 ಅಡಿ. ಎಣ್ಣೆ ಬಂದ ಮೇಲೆ ಆ ತಳ ಯಾರದು ಅನ್ನುವ ಜಗಳ ಜೋರಾಯಿತು. ರಾಜ್ಯಗಳು ನಮ್ಮದು ಅಂದವು, ಕೇಂದ್ರ ನನ್ನದು ಅಂದಿತು. 1950ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಲೂಸಿಯಾನಾದ ವಿರುದ್ಧ ತೀರ್ಪು ಕೊಟ್ಟಿತು. 1953ರ ಮೇ ತಿಂಗಳಲ್ಲಿ, ಈ ಸಿನಿಮಾ ನ್ಯೂಯಾರ್ಕಿನಲ್ಲಿ ತೆರೆ ಕಂಡ ಅದೇ ವಾರ, ಅಧ್ಯಕ್ಷ ಐಸೆನ್‌ಹೋವರ್ ಒಂದು ಕಾಯಿದೆಗೆ ಸಹಿ ಹಾಕಿ ದಂಡೆಗೆ ಹತ್ತಿರದ ತಳವನ್ನು ರಾಜ್ಯಗಳಿಗೆ ಕೊಟ್ಟರು. ಆಗಸ್ಟಿನಲ್ಲಿ ಬಂದ ಇನ್ನೊಂದು ಕಾಯಿದೆ ಅದರಾಚೆಯದನ್ನು ಕೇಂದ್ರಕ್ಕೆ ಉಳಿಸಿಕೊಂಡಿತು. ಇಬ್ಬರು ಧಣಿಗಳ ನಡುವೆ ಪಾಲಾಯಿತು. ಬೆಳಗಾದರೆ ಆ ನೀರಿಗೆ ಬಲೆ ಬೀಸುತ್ತಿದ್ದವರು ಆ ವ್ಯಾಜ್ಯದಲ್ಲಿ ಮೂರನೆಯ ಪಕ್ಷವಾಗಿಯೂ ಇರಲಿಲ್ಲ.

ಈ ಮೀನುಗಾರರಾದರೂ ಯಾರು? ಕೇಜನ್ ಅನ್ನುವ ಫ್ರೆಂಚ್ ಮಾತಿನ ಜನ. 1755ರಿಂದ ಬ್ರಿಟಿಷರು ಇವರ ಹಿರಿಯರನ್ನು ಕೆನಡಾದ ಕಡೆಯ ಅಕೇಡಿಯಾದಿಂದ ಒಕ್ಕಲೆಬ್ಬಿಸಿ ದಿಕ್ಕಾಪಾಲು ಮಾಡಿದ್ದರು. ಲೂಸಿಯಾನಾದ ಜೌಗು ನೆಲಕ್ಕೆ ಬಂದು ಬೇರೂರಿದ ಮೇಲೆ, 1921ರ ರಾಜ್ಯ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷ್ ಮಾತ್ರ ಅಂತ ಕಟ್ಟು ಮಾಡಿತು. ಮನೆಮಾತಾಡಿದ ಮಕ್ಕಳು ಶಾಲೆಯಲ್ಲಿ ಶಿಕ್ಷೆ ತಿಂದರು. ಸಿನಿಮಾದಲ್ಲಿ ಇವರ ಮುಖ್ಯ ಪಾತ್ರಗಳನ್ನು ಮಾಡಿದವರು ಮೆಕ್ಸಿಕೋದಲ್ಲಿ ಹುಟ್ಟಿದ ಗಿಲ್ಬರ್ಟ್ ರೋಲಂಡ್, ಸ್ಪೇನಿನಲ್ಲಿ ಹುಟ್ಟಿದ ಆಂಟೋನಿಯೋ ಮೊರೇನೋ. ಹಾಲಿವುಡ್ಡಿಗೆ 'ಬೇರೆ ಥರದವರು' ಅಂದರೆ ಎಲ್ಲರೂ ಒಂದೇ.

ಹೀಗೆ ತುಳಿತಕ್ಕೆ ಸಿಕ್ಕಿದ ಜನರ ಕೆಳಗೂ ಇನ್ನೂ ಮೆಟ್ಟಿಲುಗಳಿದ್ದವು. ಅವೇ ತೆರೆಯ ಮೇಲೆ ಕಾಣದ್ದು. ಅದೇ ಕರಾವಳಿಯಲ್ಲಿ ಹೂಮಾ ಎಂಬ ಮೂಲನಿವಾಸಿಗಳು ಇದ್ದರು. ಅವರ ಮಕ್ಕಳನ್ನು ಬಿಳಿಯರ ಶಾಲೆಗೆ 1960ರ ದಶಕದವರೆಗೂ ಸೇರಿಸುತ್ತಿರಲಿಲ್ಲ. ಕಪ್ಪು ಜನ ಇದ್ದರು. ಅವರು ಈ ಸಿನಿಮಾ ನೋಡಬೇಕಾದರೂ ಥಿಯೇಟರಿನ ಮೇಲಿನ ಬಾಲ್ಕನಿಗೋ, ತಮಗೆಂದೇ ಬೇರೆಯಾಗಿಟ್ಟ ಥಿಯೇಟರಿಗೋ ಹೋಗಬೇಕಿತ್ತು. ಸಿನಿಮಾ ಬಿಡುಗಡೆಯಾದ ಮಾರನೇ ತಿಂಗಳು, 1953ರ ಜೂನ್‌ನಲ್ಲಿ, ಲೂಸಿಯಾನಾದ ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ ಕಪ್ಪು ಜನ ಬಸ್ಸು ಹತ್ತುವುದನ್ನೇ ನಿಲ್ಲಿಸಿ ಬಹಿಷ್ಕಾರ ಹೂಡಿದರು. ಜಗತ್ತು ಕೇಳಿರುವ ಮಾಂಟ್‌ಗಮರಿಯ ಬಹಿಷ್ಕಾರಕ್ಕಿಂತ ಎರಡು ವರ್ಷ ಮುಂಚೆ! ಅಂಥ ನೆಲದ ಮೇಲೆ ಕ್ಯಾಮರಾ ಇಟ್ಟವರಿಗೆ ಕಂಡ ಸಂಘರ್ಷ ಎಣ್ಣೆಗೂ ಸೀಗಡಿಗೂ ನಡುವಿನದ್ದು ಮಾತ್ರ. ಅಂಬೇಡ್ಕರ್ ನಮ್ಮ ಸಮಾಜಕ್ಕೆ ಶ್ರೇಣೀಕೃತ ಅಸಮಾನತೆ ಅಂತ ಹೆಸರಿಟ್ಟರು. ಪ್ರತಿ ಮೆಟ್ಟಿಲಿನವನಿಗೂ ಕೆಳಗೊಬ್ಬ ಇರುವುದರಿಂದ ಅವನು ಮೇಲಿನವನ ವಿರುದ್ಧ ಪೂರ್ತಿ ಎದ್ದು ನಿಲ್ಲಲಾರ. ಪೋರ್ಟ್ ಫೆಲಿಸಿಟಿಯ ಮೀನುಗಾರ ಕೊನೆಗೆ ಸ್ಟೀವ್‌ನ ಜೊತೆ ಕೈಕುಲುಕುವುದು ಯಾಕೆ ಸುಲಭವಾಯಿತು ಅನ್ನುವುದಕ್ಕೆ ಸೀಗಡಿಯೊಂದೇ ಕಾರಣವಿರಲಾರದು. ಈ ಕಥೆ ನಡೆಯುವ 1946ರಲ್ಲೇ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಕಪ್ಪು ಜನ ವಿಶ್ವಸಂಸ್ಥೆಗೆ ಕೊಡುವ ಮನವಿಯ ಪ್ರತಿ ಬೇಕೆಂದೂ, ಅಸ್ಪೃಶ್ಯರೂ ಹಾಗೇ ಮಾಡುವ ಯೋಚನೆಯಲ್ಲಿದ್ದಾರೆಂದೂ ಆ ಪತ್ರದಲ್ಲಿತ್ತು. ಇಂಡಿಯಾದ ಕೇರಿಯಿಂದ ಅಮೆರಿಕದ ದಕ್ಷಿಣಕ್ಕೆ ದಾರಿ ಅಷ್ಟು ಹಿಂದೆಯೇ ತೆರೆದಿತ್ತು. 1972ರಲ್ಲಿ ಬೊಂಬಾಯಿಯ ಹುಡುಗರು ಬ್ಲಾಕ್ ಪ್ಯಾಂಥರರ ಹೆಸರು ಹಿಡಿದು ದಲಿತ ಪ್ಯಾಂಥರ್ ಕಟ್ಟಿದ್ದು ಆಮೇಲಿನ ಮಾತು.

ಇದೆಲ್ಲ ಬಂಡವಾಳಶಾಹಿಯ ಆಟ, ಆ ಕಡೆ ಹೀಗಿರಲಿಲ್ಲ ಅಂತ ನಮ್ಮ ಕೆಲವು ಎಡಪಂಥದ ಗೆಳೆಯರು ತಡೆಯಬಹುದು. ಆ ಕಡೆಯೂ ಒಂದು ಸಿನಿಮಾ ಇದೆ. 1956ರಲ್ಲಿ ಸೋವಿಯತ್ ಅಜರ್‌ಬೈಜಾನಿನ ಬಾಕುವಿನಲ್ಲಿ ಆಗಾ ರ್ಜಾ ಕುಲಿಯೆವ್ ನಿರ್ದೇಶಿಸಿದ 'ಕಪ್ಪು ಕಲ್ಲುಗಳು'. ಕ್ಯಾಸ್ಪಿಯನ್ ಕಡಲಲ್ಲಿ ಎಣ್ಣೆ ಹುಡುಕುವ ಭೂವಿಜ್ಞಾನಿಗಳ ಕಥೆ. ಎಣ್ಣೆ ಜಿನುಗಿ ಕಪ್ಪಾದ ಕಡಲ ನಡುವಿನ ಬಂಡೆಗಳಿಗೆ ಆ ಹೆಸರಿತ್ತು. 1949ರ ನವೆಂಬರ್ 7ರಂದು, ಸರಿಯಾಗಿ ಅಕ್ಟೋಬರ್ ಕ್ರಾಂತಿಯ ದಿನ, ಅಲ್ಲಿ ಸುಮಾರು 1,100 ಮೀಟರ್ ಆಳದಿಂದ ಎಣ್ಣೆ ಚಿಮ್ಮಿತು. ಅಲೆ ತಡೆಯಲು ಹಳೆಯ ಹಡಗುಗಳನ್ನು ತಂದು ಬಂಡೆಗಳ ಸುತ್ತ ಮುಳುಗಿಸಿದರು. ಅದರಲ್ಲಿ 1878ರ 'ಜೊರೊಆಸ್ಟರ್', ಲೋಕದ ಮೊದಮೊದಲ ಎಣ್ಣೆ ಹಡಗು, ಅದೂ ಒಂದು. ಆಮೇಲೆ ಉಕ್ಕಿನ ಕಂಬಗಳ ಮೇಲೆ ರಸ್ತೆ ಹಾಸಿ ಕಡಲ ಮೇಲೇ ಒಂದು ಊರು ಎಬ್ಬಿಸಿದರು. ಮೊದಲ ಬಾವಿ ಕೊರೆದ ತಂಡದ ಮೇಸ್ತ್ರಿ ಮಿಖಾಯಿಲ್ ಕವೆರೋಚ್ಕಿನ್. ರೋಮನ್ ಕಾರ್ಮೆನ್ 1953ರಲ್ಲಿ ತೆಗೆದ ಸಾಕ್ಷ್ಯಚಿತ್ರದಲ್ಲಿ ಅವನಿದ್ದಾನೆ. 1957ರ ನವೆಂಬರಿನ ಬಿರುಗಾಳಿಯಲ್ಲಿ ಅವನು ತನ್ನ ತಂಡದವರ ಜೊತೆ ಕಡಲ ಪಾಲಾದ.

ಕವೆರೋಚ್ಕಿನ್‌ನ ಮುಂದೆ ನಾವು ತಲೆ ಬಾಗುತ್ತೇವೆ. ಅವನು ಪಣಕ್ಕಿಟ್ಟದ್ದು ತನ್ನದೇ ಮೈಯನ್ನು. ತ್ಯಾಗ ಅನ್ನುವ ಮಾತಿಗೆ ಅರ್ಥ ಇರುವುದಾದರೆ ಅಲ್ಲಿ ಇದೆ. ಆದರೆ ಆ ಮಾತನ್ನು ಅವನ ಪರವಾಗಿ ದಫ್ತರದಲ್ಲಿ ಕುಳಿತವನು ಆಡಿದಾಗ ಅದರ ಬಣ್ಣ ಬದಲಾಗುತ್ತದೆ. ಬಿರುಗಾಳಿ ಬರುವ ಕಾಲದಲ್ಲಿ ಅಟ್ಟಣೆ ಬಿಟ್ಟು ಬನ್ನಿ ಅನ್ನುವುದಕ್ಕಿಂತ ಯೋಜನೆಯ ಗುರಿ ಮುಟ್ಟುವುದು ದೊಡ್ಡದಾದ ವ್ಯವಸ್ಥೆಯಲ್ಲಿ, ಒಲ್ಲೆ ಅನ್ನುವ ಹಕ್ಕು ಎಷ್ಟಿತ್ತು? ಒಲ್ಲೆ ಅನ್ನಲು ಬರದ ಕಡೆ 'ಒಪ್ಪಿದೆ' ಅನ್ನುವುದಕ್ಕೆ ಬೆಲೆಯೇನು? ಕಾರ್ಮೆನ್ 1959ರಲ್ಲಿ ಎರಡನೇ ಚಿತ್ರ ತೆಗೆದ. ಹೆಸರು 'ಕಡಲನ್ನು ಗೆದ್ದವರು'. ಎರಡಕ್ಕೂ ಸೇರಿ ಲೆನಿನ್ ಪ್ರಶಸ್ತಿ ಬಂತು. ಜಗತ್ತನ್ನೇ ಎರಡು ಪಾಲು ಮಾಡಿಕೊಂಡು ಬಾಂಬು ಹಿಡಿದು ನಿಂತಿದ್ದ ಎರಡು ಪ್ರಭುತ್ವಗಳು ಕಡಲಿನ ವಿಚಾರಕ್ಕೆ ಬಂದರೆ ಒಂದೇ ಕ್ರಿಯಾಪದ ಬಳಸುತ್ತಿದ್ದವು: ಗೆಲ್ಲು. ಗೆಲ್ಲುವ ಭಾಷೆಯಲ್ಲಿ, ಆ ಕಡಲಿನ ಮೇಲೆ ಮುಂಚಿನಿಂದ ಬದುಕುತ್ತಿದ್ದವರು ಒಂದೋ ಅಡ್ಡಿ, ಇಲ್ಲವೇ ಹಿನ್ನೆಲೆ ದೃಶ್ಯ.

ಮತ್ತೆ ಲೂಸಿಯಾನಾಕ್ಕೆ ಬರೋಣ, ಸಿನಿಮಾ ಮುಗಿದ ಮೇಲೆ ಏನಾಯಿತು ಅನ್ನುವುದಕ್ಕೆ. ಚಿತ್ರೀಕರಣ ನಡೆದ ಮಾರ್ಗನ್ ಸಿಟಿಯಲ್ಲಿ 1936ರಿಂದ ಒಂದು ಸೀಗಡಿ ಹಬ್ಬ ನಡೆಯುತ್ತ ಬಂದಿತ್ತು. 1967ರಲ್ಲಿ ಅದರ ಹೆಸರಿಗೆ ಪೆಟ್ರೋಲಿಯಂ ಸೇರಿಕೊಂಡು 'ಸೀಗಡಿ ಮತ್ತು ಪೆಟ್ರೋಲಿಯಂ ಹಬ್ಬ' ಆಯಿತು. ಸಿನಿಮಾ ಹೇಳಿದ್ದು ನಿಜವೇ ಆಯಿತಲ್ಲ ಅನ್ನಬಹುದು. ಅಷ್ಟರಮಟ್ಟಿಗೆ ನಿಜ ಇದೆ, ಮುಚ್ಚಿಡಬೇಕಿಲ್ಲ. ಮೀನುಗಾರರ ಮಕ್ಕಳು ಅಟ್ಟಣೆಯಲ್ಲಿ ಕೂಲಿಗೆ ಸೇರಿ ನಾಲ್ಕು ಕಾಸು ಕಂಡರು. ಅಟ್ಟಣೆಯ ಕಾಲುಗಳ ಸುತ್ತ ಚಿಪ್ಪು, ಪಾಚಿ ಬೆಳೆದು ಮೀನು ಕೂಡಿದ್ದೂ ಹೌದು.

ಆದರೆ ನೆಲವೇ ಕರಗುತ್ತಿತ್ತು. 1930ರ ದಶಕದಿಂದ ಈಚೆಗೆ ಲೂಸಿಯಾನಾ ಸುಮಾರು 2,000 ಚದರ ಮೈಲಿ ಕರಾವಳಿ ನೆಲವನ್ನು ಕಡಲಿಗೆ ಕಳೆದುಕೊಂಡಿದೆ. ಇದರ ಹೊಣೆಯನ್ನೆಲ್ಲ ಎಣ್ಣೆಯ ತಲೆಗೆ ಕಟ್ಟಲಾಗದು. ಮಿಸಿಸಿಪ್ಪಿ ನದಿಗೆ ದಂಡೆಯುದ್ದಕ್ಕೂ ಏರಿ ಕಟ್ಟಿದ್ದರಿಂದ ಪ್ರವಾಹದ ಹೂಳು ಜೌಗಿಗೆ ಹರಡದಂತಾಯಿತು. ಅದರ ಮೇಲೆ ಎಣ್ಣೆ ಕಂಪನಿಗಳು ದೋಣಿಗೂ ಕೊಳವೆಗೂ ಅಂತ ಜೌಗಿನಲ್ಲಿ ಕಾಲುವೆಗಳನ್ನು ಸೀಳಿದವು. ಅವುಗಳಲ್ಲಿ ಉಪ್ಪುನೀರು ಒಳಗೆ ನುಗ್ಗಿ ಹುಲ್ಲು ಸತ್ತಿತು, ಬೇರು ಹಿಡಿದಿಟ್ಟ ಮಣ್ಣು ಕೊಚ್ಚಿಹೋಯಿತು. ಸೀಗಡಿಯ ಮರಿ ಬೆಳೆಯುವುದು ಆ ಜೌಗಿನಲ್ಲೇ. ಡೈನಮೈಟಿಗೆ ಹೆದರಿದ್ದ ಬೆಸ್ತನನ್ನು ನೋಡಿ ನಕ್ಕವರಿಗೆ ಇದು ಆಗ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯಲಿಲ್ಲವೇ? ಐಲ್ ದ ಜಾನ್ ಚಾರ್ಲ್ಸ್ ಅನ್ನುವ ಒಂದು ದ್ವೀಪ. ಬಿಳಿಯರ ಕಾಟಕ್ಕೆ ಓಡಿಬಂದ ಮೂಲನಿವಾಸಿಗಳು 19ನೇ ಶತಮಾನದಲ್ಲಿ ನೆಲೆ ಕಂಡುಕೊಂಡ ಜಾಗ. 1955ರಿಂದ ಈಚೆಗೆ ಅದರ 98 ಪಾಲು ನೀರಿಗೆ ಹೋಗಿದೆ, ನೂರಕ್ಕೆ. 2016ರಲ್ಲಿ ಸರ್ಕಾರ 4 ಕೋಟಿ 80 ಲಕ್ಷ ಡಾಲರು ಕೊಟ್ಟು ಅವರನ್ನು ಒಳನಾಡಿಗೆ ಸಾಗಿಸುವ ಯೋಜನೆ ಮಾಡಿತು. 2022ರಲ್ಲಿ ಮೊದಲ ಕುಟುಂಬಗಳು ಹೊಸ ಮನೆಗೆ ಹೋದವು. ತೆರೆಯ ಮೇಲೆ ಒಂದು ಮುಖಕ್ಕೂ ಜಾಗ ಸಿಗದವರೇ ಮೊದಲು ಗಂಟುಮೂಟೆ ಕಟ್ಟಿದರು.

2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಅನ್ನುವ ಅಟ್ಟಣೆ ಅದೇ ಕಡಲಲ್ಲಿ ಸಿಡಿದು 11 ಕೆಲಸಗಾರರು ಸತ್ತರು. 87 ದಿನ ಎಣ್ಣೆ ಹರಿಯಿತು. ಕೊಲ್ಲಿಯ ಕೇಂದ್ರ ಸರ್ಕಾರದ ನೀರಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಭಾಗದಲ್ಲಿ ಮೀನು ಹಿಡಿಯಕೂಡದು ಅಂತ ಆಜ್ಞೆಯಾಯಿತು. ಬಲೆ ಕಟ್ಟಿಟ್ಟ ಸೀಗಡಿ ದೋಣಿಗಳನ್ನು ಕಂಪನಿಯೇ ದಿನಗೂಲಿಗೆ ಹಿಡಿದು, ತೇಲುವ ಎಣ್ಣೆ ಬಳಿಯಲು ಕಳಿಸಿತು. ಚಿನ್ನದ ಸೀಗಡಿಗೆ ಇಳಿಯಬೇಕಾಗಿದ್ದ ಬಲೆಯ ಜಾಗದಲ್ಲಿ ಎಣ್ಣೆ ತಡೆಯುವ ರಬ್ಬರು ಬೇಲಿ ಇಳಿಯಿತು.

ಈ ಕಥೆಯ ಕೊನೆಯ ತುಂಡು ನಮ್ಮ ಬಾಗಿಲಿಗೇ ಬರುತ್ತದೆ. ಇವತ್ತು ಅಮೆರಿಕದವರು ತಿನ್ನುವ ಸೀಗಡಿಯಲ್ಲಿ ಬಹುಪಾಲು ಹೊರದೇಶದ್ದು. ಕಳೆದ ದಶಕದಲ್ಲಿ ಅತಿ ಹೆಚ್ಚು ಹೋದದ್ದು ಇಂಡಿಯಾದಿಂದ. ಅದು ಕಡಲಿನದಲ್ಲ, ಮುಖ್ಯವಾಗಿ ಆಂಧ್ರದ ಕೊಳಗಳಲ್ಲಿ ಸಾಕಿದ್ದು. ಈ ಕೊಳಗಳು ನಮ್ಮ ಪೂರ್ವ ಕರಾವಳಿಗೆ ಬಂದ ಹೊಸದರಲ್ಲಿ, 1990ರ ದಶಕದಲ್ಲಿ, ತಮಿಳುನಾಡಿನ ನಾಗಪಟ್ಟಣಂ ಸೀಮೆಯ ಭೂಹೀನ ದಲಿತ ಕೂಲಿಗಳು ಅವುಗಳ ವಿರುದ್ಧ ಬೀದಿಗಿಳಿದರು. 1968ರಲ್ಲಿ ಕೂಲಿ ಕೇಳಿದ್ದಕ್ಕೆ 44 ದಲಿತರನ್ನು ಗುಡಿಸಲಲ್ಲಿ ಸುಟ್ಟ ಕೀಳ್ವೆಣ್ಮಣಿ ಇರುವುದು ಆ ಸೀಮೆಯಲ್ಲೇ. ಭತ್ತದ ಗದ್ದೆಯಿದ್ದಾಗ ನಾಟಿಗೆ, ಕಳೆಗೆ, ಕೊಯ್ಲಿಗೆ ಹೆಂಗಸರಿಗೆ ಕೂಲಿ ಇತ್ತು. ಗದ್ದೆ ಉಪ್ಪುನೀರಿನ ಕೊಳವಾದರೆ ಬೇಕಾಗುವುದು ಕಾವಲಿನ ನಾಲ್ಕು ಆಳು. ಉಪ್ಪು ಜಿನುಗಿ ಕುಡಿಯುವ ಬಾವಿಯೂ ಕೆಟ್ಟಿತು. ಅವರ ನಡುವೆ ಕೆಲಸ ಮಾಡುತ್ತಿದ್ದ ಸರ್ವೋದಯದ ಎಸ್. ಜಗನ್ನಾಥನ್ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರಿನಲ್ಲಿ ಕೋರ್ಟು, ಕರಾವಳಿ ನಿಯಂತ್ರಣ ವಲಯದೊಳಗಿನ ಸೀಗಡಿ ಕೊಳಗಳನ್ನು ಒಡೆಯಿರಿ ಅಂದಿತು. 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯಿದೆ ಮಾಡಿ ಅವುಗಳಿಗೆ ಮತ್ತೆ ದಾರಿ ಬಿಟ್ಟುಕೊಟ್ಟಿತು. ಹೀಗೆ ಬೆಳೆದ ಸೀಗಡಿಯನ್ನು ಸಿಪ್ಪೆ ಸುಲಿದು, ಹೆಪ್ಪುಗಟ್ಟಿಸಿ, ಹಡಗಿಗೇರಿಸುತ್ತಾರೆ. ಅದು ಹೋಗಿ ಇಳಿದ ಕಡೆ ಲೂಸಿಯಾನಾದ ಮೀನುಗಾರನ ಸೀಗಡಿಗೆ ರೇಟು ಬೀಳುತ್ತದೆ, ಅವನು ದೋಣಿಯ ಡೀಸೆಲ್ ಕಾಸೂ ಹುಟ್ಟದೆ ದಡದಲ್ಲಿ ಕೂರುತ್ತಾನೆ.